ಬರೆದವನೇ ಹೊರಬೇಕು

2022ರ ಡಿಸೆಂಬರ್ ತಿಂಗಳ ಒಂದು ಸಂಜೆ ಗದಗದಿಂದ ಬಂದ ಟಾಟಾ ಏಸ್ ಹಾವೇರಿಯ ನಮ್ಮ ಮನೆ ಮುಂದೆ ನಿಂತಿತು. ಡ್ರೈವರ್ ಹತ್ತು ಕಟ್ಟು ಇಳಿಸಿ, ಪಡಸಾಲೆಯ ಗೋಡೆಗೆ ಒತ್ತಿ ಪೇರಿಸಿ, ಚಹಾ ಕುಡಿದು ಹೋದ. ಕಂದು ಕಾಗದ, ಮೇಲೆ ಪ್ಲಾಸ್ಟಿಕ್ ಪಟ್ಟಿ, ಒಂದೊಂದು ಕಟ್ಟಿನಲ್ಲೂ ಐವತ್ತು ಪುಸ್ತಕ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

"ಇಷ್ಟೂ ನೀನ ಬರದಿಯೇನು?"

"ಬರದದ್ದು ಒಂದ ಬೇ. ಐದನೂರು ಪ್ರತಿ ಹಾಕ್ಸೇನಿ."

"ಒಂದ ಮಾತು ಐದನೂರು ಸಲ ಯಾರಿಗೆ ಹೇಳಾಂವ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಒಂದು ಪ್ರತಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ: 190 ಗ್ರಾಂ. ಐದುನೂರಕ್ಕೆ 95 ಕಿಲೊ. ಹತ್ತಿರ ಹತ್ತಿರ ಒಂದು ಚೀಲ ಜೋಳದ ತೂಕ. ಜೋಳವಾದರೆ ಎಪಿಎಂಸಿಗೆ ಒಯ್ಯಬಹುದು, ಅಲ್ಲಿ ದಿನದ ಧಾರಣೆ ಇರುತ್ತದೆ, ಕೊಳ್ಳುವವರು ಬಂದು ಕೈ ಹಾಕಿ ನೋಡುತ್ತಾರೆ. ಕಥಾಸಂಕಲನಕ್ಕೆ ಅಂಥ ಪೇಟೆ ಇಲ್ಲ. ಮರುದಿನ ಅವ್ವ ನೆಲದ ಮೇಲೆ ಎರಡು ಹಲಗೆ ಹಾಕಿಸಿ, ಬೇವಿನ ಸೊಪ್ಪು ಹರಡಿ, ಕಟ್ಟುಗಳನ್ನು ಅದರ ಮೇಲಿಡಿಸಿದಳು. ಕಥೆಗಳ ಬಗ್ಗೆ ಅವಳ ಅಭಿಪ್ರಾಯ ಏನೇ ಇರಲಿ, ಗೆದ್ದಲಿನ ಬಗ್ಗೆ ಅವಳಿಗೆ ಖಚಿತ ತಿಳಿವಳಿಕೆ ಇತ್ತು.

ನಮ್ಮ ಸೀಮೆಯವರಿಗೆ ಪುಸ್ತಕದ ಹೊರೆ ಹೊಸದಲ್ಲ. ವರದೆ ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಎಂಬ ಊರಿದೆ. ಅಲ್ಲಿಯ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರನ್ನೇ ಲೇಖನಿಗೆ ಇಟ್ಟುಕೊಂಡರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಈ ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಕನ್ನಡದಲ್ಲಿ ಓದುವ ರೂಢಿಯೇ ಇಲ್ಲದ ಮನೆಗಳಿಗೆ ಕಥೆ ಮುಟ್ಟಿಸಿದರು. ಶಾಲೆಯಲ್ಲಿ ಇದನ್ನು ನಮಗೆ ತ್ಯಾಗದ ಕಥೆಯಾಗಿ ಹೇಳಿಕೊಟ್ಟರು. ಹತ್ತು ಕಟ್ಟು ಮನೆಗೆ ಬಂದ ಮೇಲೆ ನನಗೆ ಅದರಲ್ಲಿ ವ್ಯಾಪಾರದ ಕಥೆಯೂ ಕಾಣತೊಡಗಿತು. ಓದುಗ ಅಂಗಡಿಗೆ ಬರುವುದಿಲ್ಲ, ಅಂಗಡಿಯೇ ಓದುಗನ ಬಾಗಿಲಿಗೆ ನಡೆಯಬೇಕು ಎಂಬುದನ್ನು ಆ ಮನುಷ್ಯ ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು.

ಇಂಗ್ಲಿಷಿನ ಪುಸ್ತಕಲೋಕದಲ್ಲಿ ಸ್ವಂತ ದುಡ್ಡು ಹಾಕಿ ಅಚ್ಚು ಹಾಕಿಸುವುದನ್ನು ಬಹುಕಾಲ 'ವ್ಯಾನಿಟಿ' ಎಂದು ಮೂಗು ಮುರಿದು ನೋಡುತ್ತಿದ್ದರು. ಕನ್ನಡದಲ್ಲಿ ಆ ಮೂಗಿಗೆ ಹೆಚ್ಚು ಕೆಲಸವಿಲ್ಲ. ಮಾಸ್ತಿಯವರ ಪುಸ್ತಕಗಳು ಅವರದೇ ಜೀವನ ಕಾರ್ಯಾಲಯದಿಂದ ಬಂದವು. ಕುವೆಂಪು ಅವರ ಮೈಸೂರಿನ ಮನೆ 'ಉದಯರವಿ'; ಅವರ ಕೃತಿಗಳನ್ನು ತಂದ ಪ್ರಕಾಶನದ ಹೆಸರೂ ಅದೇ. ಕಾರಂತರಂತೂ ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ನಡೆಸಿದರು. 1967, 1977, 1983 – ಜ್ಞಾನಪೀಠ ಪಡೆದ ಮೂವರು ಹೀಗೆ ತಮ್ಮ ಪುಸ್ತಕದ ಬೆನ್ನಿಗೆ ತಾವೇ ನಿಂತವರು. ಆಮೇಲೆ ಲಂಕೇಶರ ಪತ್ರಿಕೆ ಪ್ರಕಾಶನ, ತೇಜಸ್ವಿಯವರ ಪುಸ್ತಕ ಪ್ರಕಾಶನ. ಈ ಶತಮಾನಕ್ಕೆ ಬಂದರೆ, ಸಾಫ್ಟ್‌ವೇರ್ ಕೆಲಸದಲ್ಲಿದ್ದ ವಸುಧೇಂದ್ರ ಕಟ್ಟಿದ ಛಂದ ಪುಸ್ತಕ. ಅದು ಅವರ ಪುಸ್ತಕಗಳಿಗಷ್ಟೇ ನಿಲ್ಲದೆ ಎಷ್ಟೋ ಹೊಸ ಕಥೆಗಾರರ ಮೊದಲ ಸಂಕಲನಕ್ಕೂ ಮನೆಯಾಯಿತು.

ಈ ಸಾಲಿನಲ್ಲಿ ನನಗೆ ಎಲ್ಲರಿಗಿಂತ ಬೆರಗು ಹುಟ್ಟಿಸುವವರು ನಂಜನಗೂಡಿನ ತಿರುಮಲಾಂಬ. 1887ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರುಮನೆಯ ಒಳಕೋಣೆಯಲ್ಲಿ ಕುಳಿತು ಓದಿ ಬರೆದವರು. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಆಕೆ 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆ ತೆರೆದರು, ಅದರಲ್ಲಿ ತಮ್ಮ ಪುಸ್ತಕಗಳನ್ನು ತಂದರು, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಕಾಗದದ ವ್ಯಾಪಾರಿ, ಅಚ್ಚುಕೂಟದ ಮಾಲೀಕ, ಅಂಚೆಯ ಪೇದೆ, ಎಲ್ಲರೂ ಗಂಡಸರೇ ಇದ್ದ ಕಾಲ. ಬೀದಿಗೆ ಬರುವುದೇ ಕಷ್ಟವಿದ್ದ ಹೆಣ್ಣುಮಗಳು ಇಷ್ಟು ಜನರ ಹತ್ತಿರ ಕೆಲಸ ತೆಗೆಸಿದ್ದು ಹೇಗೆಂದು, ಗದಗದ ಮುದ್ರಣಾಲಯಕ್ಕೆ ಮೂರನೆಯ ಸಲ ಫೋನ್ ಮಾಡಿ ಸಿಟ್ಟಾಗಿ ಕುಳಿತ ದಿನ ನಾನು ಯೋಚಿಸಿದ್ದುಂಟು.

ಹಾಗಂತ ಹಿರಿಯರ ದಾರಿ ಹಿಡಿಯುವ ಉದ್ದೇಶವೇನೂ ನನಗಿರಲಿಲ್ಲ. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವವನು. ಹನ್ನೊಂದು ಕಥೆ ಕೂಡಿದ್ದವು. ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರಿಂದ ಉತ್ತರ ಬರಲಿಲ್ಲ. ಇನ್ನೊಬ್ಬರು ಸಜ್ಜನರು, ಫೋನ್ ಮಾಡಿದರು: "ಕಥೆಗಳು ಚೆನ್ನಾಗಿವೆ. ಇನ್ನೂರು ಪ್ರತಿ ನೀವು ತೆಗೆದುಕೊಳ್ಳುವುದಾದರೆ ಮಾಡೋಣ." ಅವರನ್ನು ದೂರುವುದಿಲ್ಲ. ಹೆಸರಿಲ್ಲದ ಕಥೆಗಾರನ ಮೊದಲ ಸಂಕಲನಕ್ಕೆ ಕೈ ಹಾಕುವುದೆಂದರೆ ಗೋದಾಮಿನಲ್ಲಿ ಜಾಗ ಕಳೆದುಕೊಳ್ಳುವುದು ಎಂದು ಅವರಿಗೆ ಅನುಭವ ಹೇಳಿಕೊಟ್ಟಿದೆ. ಆದರೆ ನನ್ನ ಲೆಕ್ಕ ಬೇರೆ ಇತ್ತು. ರೂಢಿಯ ರಾಯಧನ ನೂರಕ್ಕೆ ಹತ್ತು. ಇನ್ನೂರು ಪ್ರತಿಯ ದುಡ್ಡು ಕೊಟ್ಟು ಆಮೇಲೆ ಹತ್ತು ರೂಪಾಯಿಗೆ ಕಾಯುವ ಬದಲು, ಇನ್ನಷ್ಟು ದುಡ್ಡು ಸೇರಿಸಿದರೆ ಪುಸ್ತಕವೇ ನನ್ನದಾಗುತ್ತದಲ್ಲ ಎಂದುಕೊಂಡೆ. ಅರ್ಥಶಾಸ್ತ್ರದ ಮೇಷ್ಟ್ರು ತಪ್ಪಿದ್ದು ಇಲ್ಲೇ. ಪ್ರಕಾಶಕ ಎಂದರೆ ದುಡ್ಡು ಹಾಕುವವನು ಎಂದಷ್ಟೇ ತಿಳಿದಿದ್ದೆ.

ಮೊದಲ ಪಾಠ ಅಕ್ಷರದ್ದು. ನನ್ನ ಕಥೆಗಳಲ್ಲಿ ಅರ್ಧ ಹಳೆಯ ಕಂಪ್ಯೂಟರಿನಲ್ಲಿ ನುಡಿ ಫಾಂಟಿನಲ್ಲಿದ್ದವು, ಉಳಿದರ್ಧ ಮೊಬೈಲಿನಲ್ಲಿ ಯೂನಿಕೋಡಿನಲ್ಲಿ. ಓದುವವರ ಕಣ್ಣಿಗೆ ಎರಡೂ ಕನ್ನಡವೇ. ಯಂತ್ರಕ್ಕೆ ಹಾಗಲ್ಲ. ಹಳೆಯ ನುಡಿ ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ಆಕಾರ ತೊಡಿಸಿರುತ್ತಾರೆ, ಅಷ್ಟೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚಿ ಬೀಳುತ್ತದೆ. ಇನ್ನೂ ದೊಡ್ಡ ತೊಡಕು ಅರ್ಕಾವತ್ತಿನದು. 'ವರ್ಷ' ಎಂದು ಬರೆಯುವಾಗ ಕಣ್ಣಿಗೆ ಮೊದಲು ಷ, ಆಮೇಲೆ ಅದರ ಪಕ್ಕದ ಅರ್ಕಾವತ್ತು ಕಾಣುತ್ತದೆ. ಹಳೆಯ ಪದ್ಧತಿ ಕಂಡ ಕ್ರಮದಲ್ಲೇ ಇಡುತ್ತದೆ. ಯೂನಿಕೋಡು ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ, ರಕಾರ ಮೊದಲು. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪರಿವರ್ತಕಗಳಿವೆ, ಬಹುಪಾಲು ಸರಿಯಾಗಿಯೇ ದಾಟಿಸುತ್ತವೆ. ಆದರೆ 160 ಪುಟದಲ್ಲಿ ನೂರಕ್ಕೆ ಒಂದು ತಪ್ಪಿದರೂ ಪುಟಕ್ಕೆ ಎರಡು ಮೂರು ಮುಳ್ಳು. ನನ್ನ ಒಂದು ಕಥೆಯಲ್ಲಿ ಮಾರ್ತಾಂಡಪ್ಪ ಎಂಬ ಯಜಮಾನ ಮೂರು ಪುಟದುದ್ದಕ್ಕೂ ಮಾತಾರ್ಂಡಪ್ಪ ಆಗಿ ಓಡಾಡಿದ.

ಡಿಟಿಪಿ ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ನಡುವೆ ಒಂದೊಂದು ಪುಸ್ತಕ. ತರಗತಿಯಲ್ಲಿ ಮಾತೇ ಆಡದ ಹುಡುಗಿ ಈಗ ನನಗೆ ಪಾಠ ಮಾಡುತ್ತಿದ್ದಳು. "ಸರ, ನೂರಾಐವತ್ನಾಕ ಪುಟ ಅಂದ್ರ ಹತ್ತು ಫಾರ್ಮಿನ ರೊಕ್ಕ ಹೋಗಾದ ಐತ್ರಿ. ನೂರಾಅರವತ್ತಕ್ಕ ಹೊಂದಸ್ರಿ." ಡೆಮಿ 1/8 ಅಳತೆಯಲ್ಲಿ ಹದಿನಾರು ಪುಟ ಕೂಡಿದರೆ ಒಂದು ಫಾರ್ಮು. ಹತ್ತು ಫಾರ್ಮಿಗೆ 160 ಪುಟ. 161ನೆಯ ಪುಟ ಬಂತೋ, ಹನ್ನೊಂದನೆಯ ಫಾರ್ಮಿನ ಲೆಕ್ಕ ಶುರು. ನಮ್ಮ ಎಷ್ಟೋ ಪುಸ್ತಕಗಳ ಕೊನೆಗೆ 'ಲೇಖಕರ ಇತರ ಕೃತಿಗಳು', 'ಟಿಪ್ಪಣಿಗಾಗಿ' ಎಂದೆಲ್ಲ ಪುಟಗಳು ಯಾಕಿರುತ್ತವೆ ಎಂದು ಅಂದು ತಿಳಿಯಿತು. ಲೇಖಕರ ಇತರ ಕೃತಿಗಳು ಇಲ್ಲದ ನಾನು 'ಅರಿಕೆ'ಯನ್ನು ಎರಡು ಪುಟದಿಂದ ನಾಲ್ಕಕ್ಕೆ ಬೆಳೆಸಿದೆ. ಕೃತಜ್ಞತೆಯ ಪಟ್ಟಿಗೆ ನನ್ನ ಪ್ರೈಮರಿ ಶಾಲೆಯ ಅಕ್ಕೋರು ಸೇರಿದ್ದು ಹಾಗೆ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿತೊ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಬೋರ್ಡ್, ಅದರ ಮೇಲೆ ಮ್ಯಾಟ್ ಲ್ಯಾಮಿನೇಶನ್. ಹಾವೇರಿಯಲ್ಲೂ ಮುದ್ರಣವಿದೆ, ಆದರೆ ಗದಗ ಹಿಂದಿನಿಂದ ಮುದ್ರಣಕ್ಕೆ ಹೆಸರಾದ ಊರು. ಅಚ್ಚಿನ ವಾಸನೆ ನೋಡಲಿಕ್ಕಾದರೂ ಅಲ್ಲಿಗೆ ಹೋಗಬೇಕು ಅನ್ನಿಸಿತ್ತು.

ಐಎಸ್‌ಬಿಎನ್ ಬಗ್ಗೆ ಜನರಲ್ಲಿ ಇರುವಷ್ಟು ಭಯಭಕ್ತಿ ಬೇಡ. ಅದು ಪುಸ್ತಕಕ್ಕೆ ಸಿಗುವ ಪದವಿಯಲ್ಲ, ಹಕ್ಕುಸ್ವಾಮ್ಯವೂ ಅಲ್ಲ, ಬರೀ ಗುರುತಿನ ಸಂಖ್ಯೆ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ದೆಹಲಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ. ಲೇಖಕರೇ ಪ್ರಕಾಶಕರೆಂದು ಆನ್‌ಲೈನ್ ಅರ್ಜಿ ಹಾಕಬಹುದು, ಶುಲ್ಕವಿಲ್ಲ. ಹಾಗಿದ್ದೂ 'ಐಎಸ್‌ಬಿಎನ್ ಮಾಡಿಸಿಕೊಡುತ್ತೇವೆ' ಎಂದು ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿದ್ದಾರೆ. ಹೊಸಬರು ಇಲ್ಲಿ ಎಚ್ಚರವಾಗಿರಬೇಕು. ಹದಿಮೂರು ಅಂಕಿಗಳಲ್ಲಿ ಮೊದಲ ಮೂರು 978. ಆಮೇಲಿನ 81 ಅಥವಾ 93 ಎಂಬುದು ಭಾರತದ ಗುರುತು. ಕೊನೆಯದು ಕಾವಲುಗಾರ ಅಂಕಿ: ಮೊದಲ ಹನ್ನೆರಡು ಅಂಕಿಗಳನ್ನು ಒಂದರಿಂದ, ಮೂರರಿಂದ, ಮತ್ತೆ ಒಂದರಿಂದ ಹೀಗೆ ಗುಣಿಸಿ ಕೂಡಿಸಿದ ಮೊತ್ತಕ್ಕೆ ಆ ಕೊನೆಯ ಅಂಕಿ ಸೇರಿದರೆ ಹತ್ತರಿಂದ ಭಾಗವಾಗಬೇಕು. ಎಲ್ಲೋ ಒಂದು ಅಂಕಿ ತಪ್ಪಾಗಿ ಬರೆದರೆ ಇಲ್ಲಿ ಸಿಕ್ಕಿಬೀಳುತ್ತದೆ. ನನ್ನ ಕಥೆಗಳಿಗೂ ಇಂಥದೊಂದು ಅಂಕಿ ಇದ್ದಿದ್ದರೆ ಎಂದು ಆಮೇಲೆ ಅನ್ನಿಸಿತು, ಆ ಮಾತು ಮುಂದೆ ಬರುತ್ತದೆ.

ಹಕ್ಕುಸ್ವಾಮ್ಯ ಬರೆದ ಗಳಿಗೆಯಿಂದಲೇ ಬರೆದವರದು. 1957ರ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ವಾರಸುದಾರರಿಗೆ ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ. ಕಡ್ಡಾಯವಾಗಿದ್ದೂ ಬಹಳ ಮಂದಿ ಮರೆಯುವುದು ಇನ್ನೊಂದು. 1954ರ ಕಾಯ್ದೆಯೊಂದರಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೆ ಪ್ರಕಾಶಕ ತನ್ನ ಖರ್ಚಿನಲ್ಲಿ ಪ್ರತಿ ಕಳಿಸಬೇಕು. ಪ್ರಕಾಶಕ ಅಂದರೆ ಈಗ ನಾನೇ. ಹಾವೇರಿಯ ಅಂಚೆ ಕಚೇರಿಯಿಂದ ಆ ನಾಲ್ಕು ಪೊಟ್ಟಣ ಕಳಿಸಿದ ದಿನ ಸುಳ್ಳು ಹೇಳುವುದೇಕೆ, ಎದೆ ಸ್ವಲ್ಪ ಉಬ್ಬಿತ್ತು. ಚೆನ್ನೈಯ ಕನ್ನೆಮರಾ ಗ್ರಂಥಾಲಯದ ಯಾವುದೋ ಕಪಾಟಿನಲ್ಲಿ ಮಾರ್ತಾಂಡಪ್ಪ ಇರುತ್ತಾನೆ.

ದುಡ್ಡಿನ ಮಾತು. ನನ್ನ ಕಿರ್ದಿ ಪುಸ್ತಕದಲ್ಲಿ ಬರೆದಿಟ್ಟದ್ದು ಇಷ್ಟು: ಮುದ್ರಣ ಮತ್ತು ಬೈಂಡಿಂಗಿಗೆ 32,000, ಡಿಟಿಪಿಗೆ 5,000, ಮುಖಪುಟದ ಕಲಾವಿದರಿಗೆ 4,000, ಸಾಗಣೆ ಇತ್ಯಾದಿ 1,000. ಒಟ್ಟು 42,000. ಪ್ರತಿಯೊಂದಕ್ಕೆ ಬಿದ್ದದ್ದು 84 ರೂಪಾಯಿ. ಮುಖಬೆಲೆ 180 ಇಟ್ಟೆ. ದುಪ್ಪಟ್ಟಿಗಿಂತ ಹೆಚ್ಚಾಯಿತಲ್ಲ ಎಂದು ಮುಜುಗರವೂ ಆಯಿತು. ಅಂಗಡಿಗೆ ನೂರಕ್ಕೆ ನಲವತ್ತು ರಿಯಾಯಿತಿ ಕೊಟ್ಟ ಮೇಲೆ ಮುಜುಗರ ಹೋಯಿತು, ಕೈಗೆ ಬರುವುದು 108. ಗೌರವ ಪ್ರತಿ ಎಂದು ಹಂಚಿದ್ದು 70. ಉಳಿದ 430ರಲ್ಲಿ ಅಂಗಡಿಯಿಂದಲೇ 389 ಪ್ರತಿ ಮಾರಿದರೆ ಹಾಕಿದ ದುಡ್ಡು ವಾಪಸು. ಲಾಭವೆಂಬುದು ಕೊನೆಯ ಕಟ್ಟಿನಲ್ಲಿ, ಅದೂ ಪೂರ್ತಿ ಕಟ್ಟಲ್ಲ, ಕೂತಿರುತ್ತದೆ. ಅದೇ ಕೈಯಿಂದ ಕೈಗೆ 150 ರೂಪಾಯಿಯಂತೆ ಕೊಟ್ಟರೆ 280 ಪ್ರತಿಗೆ ಮೈ ಹಗುರ. ಗಳಗನಾಥರು ಯಾಕೆ ಹೊತ್ತು ತಿರುಗಿದರು ಎಂಬುದಕ್ಕೆ ಇದಕ್ಕಿಂತ ಸರಳ ಕೋಷ್ಟಕ ಬೇಕಿಲ್ಲ. ತರಗತಿಯಲ್ಲಿ 'ವಿತರಣಾ ವೆಚ್ಚ' ಹೇಳಿಕೊಡುವಾಗ ಈ ಉದಾಹರಣೆ ನಾಲಿಗೆ ತುದಿಗೆ ಬರುತ್ತದೆ, ಇನ್ನೂ ಹೇಳಿಲ್ಲ.

ಸರ್ಕಾರದ ಕಡೆಯಿಂದಲೂ ಒಂದಿಷ್ಟು ಆಸರೆಯಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹ ಧನ ಕೊಡುತ್ತದೆ. ನನಗೆ ವಯಸ್ಸು ಮೀರಿತ್ತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಸ್ವಂತ ಪ್ರಕಾಶನದವರೂ ಅರ್ಜಿ ಹಾಕಬಹುದು. ಅಲ್ಲಿ ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವುದರಿಂದ ಕೆಲವು ಪುಸ್ತಕಗಳ ಅಂಚು ಹೊಲದ ಬದುವಿನಷ್ಟು ಅಗಲವಾಗಿ, ಅಕ್ಷರ ದಪ್ಪವಾಗಿ ಇರುತ್ತವೆ. ಪುಸ್ತಕ ನೋಡಿದ ಕೂಡಲೇ ಇದು ಓದುಗನಿಗೋ ಖರೀದಿಗೋ ಎಂದು ಗೊತ್ತಾಗಿಬಿಡುತ್ತದೆ.

2023ರ ಜನವರಿ 6ರಿಂದ ಮೂರು ದಿನ ನಮ್ಮೂರಲ್ಲೇ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಪುಸ್ತಕ ಮಳಿಗೆ ಹಿಡಿದಿದ್ದ ಗೆಳೆಯನೊಬ್ಬ ತನ್ನ ಮೇಜಿನ ಒಂದು ಮೂಲೆ ಬಿಟ್ಟುಕೊಟ್ಟ. ಎರಡು ಕಟ್ಟನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದೆ. ಜನಸಾಗರ ಅಂತಾರಲ್ಲ, ಹಾಗೆ. ಮೊದಲ ದಿನ ಮಧ್ಯಾಹ್ನದವರೆಗೆ ಒಂದೂ ಹೋಗಲಿಲ್ಲ. ನಾನು ಪುಸ್ತಕದ ಹಿಂದೆ ಕಳ್ಳನಂತೆ ಕೂತಿದ್ದೆ. ಯಾರಾದರೂ ಕೈಗೆತ್ತಿಕೊಂಡರೆ ಬೇರೆ ಕಡೆ ನೋಡುತ್ತಿದ್ದೆ. ಗೆಳೆಯ ಗದರಿದ: "ಏ, ನಿಂದ ಅಂತ ಹೇಳೋ ಮಾರಾಯಾ! ಬರದಾಂವ ಎದುರಿಗೆ ಕುಂತಾನ ಅಂದ್ರ ಮಂದಿ ತಗೋತಾರ." ನಾಚಿಕೆ ಬಿಡಲು ಇನ್ನೊಂದು ತಾಸು ಹಿಡಿಯಿತು. ಶಿಗ್ಗಾವಿಯಿಂದ ಬಂದ ರೈತರೊಬ್ಬರು ಒಳಪುಟ ತಿರುವಿ, "ಇದ್ರಾಗ ನಮ್ಮ ಕಡಿ ಮಾತು ಅದಾವೇನ್ರಿ?" ಎಂದು ಕೇಳಿದರು. ಅದಾವು ಎಂದೆ. "ಓದಿ ತೋರಸ್ರಿ ನೋಡೂಣು." ನಿಂತುಕೊಂಡೇ ಒಂದು ಪುಟ ಓದಿದೆ. ಸುತ್ತ ಏಳೆಂಟು ಜನ ಕೂಡಿದರು. ಆ ಒಂದು ಪುಟಕ್ಕೆ ನಾಲ್ಕು ಪ್ರತಿ ಹೋದವು. ಮೂರು ದಿನಕ್ಕೆ 83. ಇಡೀ ವರ್ಷ ಅಂಗಡಿಗಳಲ್ಲಿ ಹೋದದ್ದು ಅದಕ್ಕಿಂತ ಕಡಿಮೆ.

ಅಂಗಡಿಗಳದು ಬೇರೆ ಲಯ. ಮಾರಿದ ಮೇಲೆ ದುಡ್ಡು ಎಂಬ ಕರಾರಿನಲ್ಲಿ ಹತ್ತು ಹತ್ತು ಪ್ರತಿ ಇಟ್ಟುಬಂದರೆ, ಹತ್ತರ ದುಡ್ಡಿಗೆ ಹೋಗಿಬರುವ ಬಸ್ ಚಾರ್ಜೇ ಹೆಚ್ಚು. ಹಾಗಾಗಿ ಉಳಿದದ್ದು ವಾಟ್ಸ್ಆ್ಯಪ್ ಮತ್ತು ಅಂಚೆ. ಮೊದಲೇ ದುಡ್ಡು ಕೊಟ್ಟವರಿಗೆ ರಿಯಾಯಿತಿ ಎಂಬುದನ್ನು ನಾವು ಫೋನ್‌ಪೇ ಕಾಲದ ಜಾಣತನ ಅಂದುಕೊಂಡಿದ್ದೇವೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲೇ ಚಂದಾದಾರರನ್ನು ಮಾಡಿಕೊಂಡು ಪುಸ್ತಕ ಕೊಟ್ಟ ಸಂಸ್ಥೆ. ಓದುಗನ ದುಡ್ಡಿನಲ್ಲೇ ಓದುಗನಿಗೆ ಪುಸ್ತಕ, ಉಪಾಯ ಹಳೆಯದು. ಅಂಚೆಯ ಕಥೆ ಮಾತ್ರ ಹಾವು ಏಣಿ ಆಟ. ಪುಸ್ತಕಕ್ಕೆಂದೇ ಇದ್ದ ಅಗ್ಗದ ನೋಂದಾಯಿತ ಸೇವೆ 2024ರ ಡಿಸೆಂಬರಿನಲ್ಲಿ ನಿಂತಾಗ ನನ್ನಂಥವರ ಕೈಕಾಲು ಕಟ್ಟಿದಂತಾಯಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು: 300 ಗ್ರಾಂವರೆಗೆ 20 ರೂಪಾಯಿ, ಗರಿಷ್ಠ 5 ಕಿಲೊಗೆ 100 ರೂಪಾಯಿ, ತೆರಿಗೆ ಬೇರೆ. ನನ್ನ ಪುಸ್ತಕ 190 ಗ್ರಾಂ, ಲಕೋಟೆ ಸೇರಿ 210. ಒಂದಾದರೆ 20ರೊಳಗೆ ಹೊಂದುತ್ತದೆ, ಎರಡು ಕೂಡಿದರೆ ಮೇಲಿನ ದರಕ್ಕೆ ಜಿಗಿಯುತ್ತದೆ. ಮುಂದಿನ ಪುಸ್ತಕವನ್ನು 150 ಗ್ರಾಂ ಒಳಗೆ ಬರೆಯಬೇಕೆಂದು ಕೌಂಟರಿನಲ್ಲಿ ಕೂತವರಿಗೆ ಹೇಳಿದೆ. ಅವರು ನಗಲಿಲ್ಲ, ಹಿಂದೆ ಸಾಲು ಇತ್ತು.

ಇ-ಪುಸ್ತಕ ಮಾಡಿದರೆ ತೂಕವೇ ಇಲ್ಲವಲ್ಲ ಎನ್ನುತ್ತಾರೆ. ನಿಜ. ಆದರೆ ಕನ್ನಡಕ್ಕೆ ಆ ಬಾಗಿಲು ತಡವಾಗಿ ತೆರೆಯಿತು. 2016ರಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ಕನ್ನಡದವರೇ ಕಟ್ಟಿದ ಮೈಲ್ಯಾಂಗ್ 2020ರಲ್ಲಿ ಬಂದ ಮೇಲೆ ದಾರಿಯಾಯಿತು. ಅಮೆರಿಕದಲ್ಲಿರುವ ನನ್ನ ಸೋದರತ್ತೆಯ ಮಗ ಓದಿದ್ದು ಫೋನಿನಲ್ಲೇ. ಯೂನಿಕೋಡಿಗೆ ದಾಟಿಸಲು ಪಟ್ಟ ಪಾಡು ಅಲ್ಲಿ ಸಾರ್ಥಕವಾಯಿತು. ನುಡಿಯ ಹಳೆಯ ಕಡತವಾಗಿಯೇ ಉಳಿದಿದ್ದರೆ ಆ ಪಾಡನ್ನೆಲ್ಲ ಆಗ ಪಡಬೇಕಿತ್ತು.

ಇಷ್ಟೆಲ್ಲ ಹೊರಗಿನ ಕೆಲಸ. ಅದನ್ನು ಯಾರಾದರೂ ಕಲಿಯಬಹುದು, ಕಲಿಯದಿದ್ದರೆ ದುಡ್ಡು ಕೊಟ್ಟು ಮಾಡಿಸಬಹುದು. ಸ್ವಂತ ಪ್ರಕಾಶನದಲ್ಲಿ ನಿಜವಾಗಿ ಇಲ್ಲದಿರುವುದು 'ಬೇಡ' ಎನ್ನುವ ಮನುಷ್ಯ. ಪ್ರಕಾಶಕ ದುಡ್ಡು ಹಾಕುತ್ತಾನೆ, ವಿತರಣೆ ಮಾಡುತ್ತಾನೆ, ಎಲ್ಲ ಸರಿ. ಅದಕ್ಕೂ ಮೊದಲು ಅವನು ನಿರಾಕರಿಸುತ್ತಾನೆ. ಈ ಕಥೆ ಬೇಡ, ಈ ಪ್ಯಾರಾ ಬೇಡ, ಈ ವರ್ಷ ಬೇಡ. ಒಳ್ಳೆಯ ಪ್ರಕಾಶಕನ ಪಟ್ಟಿಗೆ ಬೆಲೆ ಬರುವುದು ಅವನು ತಂದ ಪುಸ್ತಕಗಳಿಂದ ಎಷ್ಟೋ, ಬಿಟ್ಟ ಪುಸ್ತಕಗಳಿಂದಲೂ ಅಷ್ಟೇ. ನನಗೆ ಬೇಡ ಎನ್ನುವವರು ಯಾರು? ಗೆಳೆಯರಿಗೆ ಹಸ್ತಪ್ರತಿ ಕೊಟ್ಟರೆ 'ಭಾರೀ ಆಗೇತಿ' ಅಂದರು. ಮುನ್ನುಡಿ ಬರೆದ ಹಿರಿಯರು ನನ್ನ ಕಥೆಗಳಲ್ಲಿ ನನಗೇ ಗೊತ್ತಿಲ್ಲದ ತತ್ತ್ವ ಕಂಡರು. ನಮ್ಮ ಮುನ್ನುಡಿ ಪದ್ಧತಿಯೇ ಹಾಗೆ, ಬೀಗರ ಊಟದಲ್ಲಿ ಉಪ್ಪು ಹೆಚ್ಚಾಯಿತೆಂದು ಯಾರೂ ಹೇಳುವುದಿಲ್ಲ. ಹೀಗಾಗಿ ಹನ್ನೊಂದು ಕಥೆಗೆ ಹನ್ನೊಂದೂ ಹೋದವು. ಈಗ ನೋಡಿದರೆ ಅದರಲ್ಲಿ ಮೂರು ಹೋಗಬಾರದಿತ್ತು. ಯಾವ ಮೂರು ಎಂದು ಹೇಳುವುದಿಲ್ಲ, ಪುಸ್ತಕ ಇನ್ನೂ ಮಾರಾಟದಲ್ಲಿದೆ.

ಕಾವಲುಗಾರ ಅಂಕಿಯ ಮಾತು ಹೇಳಿದ್ದೆನಲ್ಲ. ಕೊನೆಯ ಪ್ರೂಫ್ ಬಂದ ರಾತ್ರಿ ಸಂಕಲನದ ಏಳನೆಯ ಕಥೆಯ ನಡುವೆ ಒಂದು ವಾಕ್ಯ ಸೇರಿಸಬೇಕು ಅನ್ನಿಸಿತು. ಸಂಜೆಯ ವರ್ಣನೆ, ಎರಡು ಸಾಲಿನದು, ಅಂದಿಗೆ ನನಗೆ ಬಹಳ ಚಂದ ಕಂಡಿತ್ತು. ವಾಟ್ಸ್ಆ್ಯಪಿನಲ್ಲಿ ಕಳಿಸಿದೆ, ಹುಡುಗಿ ಸೇರಿಸಿದಳು. ಬೆಳಿಗ್ಗೆ ಆ ಒಂದು ಪುಟ ನೋಡಿ 'ಓಕೆ' ಎಂದು ಸಹಿ ಹಾಕಿದ್ದು ನಾನೇ. ಕಥೆಯ ಕೊನೆಯ ಪುಟ ತುದಿಯವರೆಗೆ ತುಂಬಿತ್ತು ಎಂಬುದನ್ನು ನೋಡಲಿಲ್ಲ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನಿನಲ್ಲಿ ಅಕ್ಷರಗಳೆಲ್ಲ ಒಂದು ಚೌಕಟ್ಟಿನೊಳಗೆ ಕೂತಿರುತ್ತವೆ. ಹೆಚ್ಚಾದದ್ದು ಹೊರಗೆ ಚೆಲ್ಲುವುದಿಲ್ಲ, ಮಾಯವಾಗುತ್ತದೆ. ಚೌಕಟ್ಟಿನ ಕೆಳತುದಿಯಲ್ಲಿ ಸಣ್ಣದೊಂದು ಕೆಂಪು ಕೂಡು ಚಿಹ್ನೆ ಕಾಣುತ್ತದೆ, ಕಂಡರೆ. ಮೇಲೆ ಎರಡು ಸಾಲು ನುಗ್ಗಿದ್ದಕ್ಕೆ ಕೆಳಗೆ ಎರಡು ಸಾಲು ಬಾವಿಗೆ ಬಿದ್ದಿದ್ದವು. ಐದುನೂರು ಪ್ರತಿಯಲ್ಲೂ ಏಳನೆಯ ಕಥೆ ನಾನು ಬರೆದದ್ದಕ್ಕಿಂತ ಎರಡು ಸಾಲು ಮೊದಲೇ ಮುಗಿದಿತ್ತು.

ಗೊತ್ತಾದದ್ದು ಸಮ್ಮೇಳನ ಮುಗಿದ ವಾರಕ್ಕೆ. ರಾಣೆಬೆನ್ನೂರಿನಿಂದ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರ ಫೋನ್. "ಏಳನೇ ಕಥಿ ಕೊನಿ ಏನ್ ಬರದೀರಿ ಸರ! ಅಕಿ ಬಾಗಲಾ ತಗೀತಾಳೋ ಇಲ್ಲೋ ಹೇಳಲಾರದ ಬಿಟ್ಟೀರಲ್ಲ, ರಾತ್ರಿ ನಿದ್ದಿ ಬರಲಿಲ್ಲ." ನಾನು ಆ ಬಾಗಿಲು ತೆರೆಸಿದ್ದೆ. ತೆರೆಸಿ, ತಾಯಿ ಮಗಳನ್ನು ಅಪ್ಪಿಕೊಳ್ಳುವಂತೆ ಮಾಡಿದ್ದೆ. ಪುಸ್ತಕ ತೆಗೆದು ನೋಡಿದೆ, ಬಾಗಿಲು ಮುಚ್ಚಿತ್ತು. "ಹೌದ್ರಿ, ಓದುಗರಿಗೆ ಬಿಟ್ಟೇನಿ" ಎಂದು ಹೇಳಿ ಫೋನ್ ಇಟ್ಟೆ. ಇದು ನನ್ನ ಬರವಣಿಗೆಯ ಬದುಕಿನ ಮೊದಲ ಹಸಿ ಸುಳ್ಳು. ಆಮೇಲೂ ನಾಲ್ಕೈದು ಜನ ಅದೇ ಕಥೆ, ಅದೇ ಕೊನೆ ಹೊಗಳಿದರು. ಒಬ್ಬರು ಮಾತ್ರ, ಬ್ಯಾಡಗಿಯವರು, ಮೆಣಸಿನಕಾಯಿ ವ್ಯಾಪಾರಸ್ಥರು, ನೇರ ಪತ್ರ ಬರೆದರು: ಕಥೆ ಪೂರ್ತಿಯಾಗಿಲ್ಲ, ಪುಟ ಬಿಟ್ಟುಹೋಗಿದೆ, ಬೇರೆ ಪ್ರತಿ ಕಳಿಸಬೇಕು. ತೂಕದಲ್ಲಿ ಮೋಸ ಹಿಡಿಯುವ ಕಣ್ಣು! ಅವರಿಗೆ ಕಾರ್ಡಿನ ಮೇಲೆ ಆ ಎರಡು ಸಾಲು ಕೈಯಲ್ಲಿ ಬರೆದು ಕಳಿಸಿದೆ. ನಾನು ಬರೆದಂತೆಯೇ ಇರುವ ಪುಸ್ತಕ ಇಡೀ ನಾಡಿನಲ್ಲಿ ಅವರೊಬ್ಬರ ಮನೆಯಲ್ಲಿದೆ.

ನನಗಿಲ್ಲದ ಸಂಪಾದಕನ ಕೆಲಸವನ್ನು ಆ ಚೌಕಟ್ಟು ಮಾಡಿತ್ತು. ಎರಡನೆಯ ಹಸ್ತಪ್ರತಿಯ ಹೊತ್ತಿಗೆ ಅದೃಷ್ಟವನ್ನು ನಂಬಿ ಕೂರಬಾರದೆಂದು ಧಾರವಾಡದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರನ್ನು ಹುಡುಕಿದೆ. ಸಂಭಾವನೆ ಮೊದಲೇ ಮಾತಾಡಿದೆ. ದುಡ್ಡು ತೆಗೆದುಕೊಂಡವರಿಗೆ ದಾಕ್ಷಿಣ್ಯ ಕಡಿಮೆ. ಅವರು ಕೆಂಪು ಶಾಯಿ ಮುಟ್ಟಲಿಲ್ಲ. ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಒಂದೇ ಮಾತು: 'ಬೇಕೇ?' ನಲವತ್ಮೂರು ಕಡೆ. ಮೊದಲ ಹತ್ತಕ್ಕೆ ಸಿಟ್ಟು ಬಂತು, ಇಪ್ಪತ್ತರ ಹೊತ್ತಿಗೆ ನಾಚಿಕೆ. ಮೂವತ್ತೊಂದು ಕಡೆ ಹೊಡೆದುಹಾಕಿದೆ. ಹನ್ನೆರಡಕ್ಕೆ ಬೇಕು ಎಂದು ಹಟ ಹಿಡಿದೆ. ಅವರು, "ನಿಮ್ಮ ರೊಕ್ಕ, ನಿಮ್ಮ ಪುಸ್ತಕ" ಎಂದು ನಕ್ಕರು.

ಮೊನ್ನೆ ಕೊನೆಯ ಕಟ್ಟು ಬಿಚ್ಚಿದೆ. ಮೂರು ವರ್ಷ ಹಿಡಿಯಿತು. ಅಂಗಡಿಗೆ ಕೊಟ್ಟದ್ದು, ಕೈಯಾರೆ ಮಾರಿದ್ದು ಎಲ್ಲ ಕೂಡಿಸಿ ಕಳೆದರೆ ಕಿರ್ದಿಯಲ್ಲಿ ಮಿಕ್ಕಿದ್ದು ಒಂದು ಸಾಧಾರಣ ಸೈಕಲ್ಲಿನ ದುಡ್ಡು. ಮರುಮುದ್ರಣ ಮಾಡಬೇಕೇ ಎಂದು ತಿಂಗಳು ಯೋಚಿಸಿದೆ. ಡಿಜಿಟಲ್ ಮುದ್ರಣವಾದರೆ ಪ್ಲೇಟಿನ ಖರ್ಚಿಲ್ಲ, ಐವತ್ತು ಪ್ರತಿಯನ್ನೂ ಹಾಕಿಸಬಹುದು, ಪಡಸಾಲೆ ಖಾಲಿ ಇರುತ್ತದೆ. ಆದರೆ ಪ್ರತಿಯೊಂದರ ದರ ಇಳಿಯುವುದೇ ಇಲ್ಲ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ಒಮ್ಮೆ, ಪ್ರತಿ ಹೆಚ್ಚಿದಂತೆ ಹಂಚಿಹೋಗುತ್ತದೆ. ನನ್ನ ಪುಸ್ತಕಕ್ಕೆ ಮುನ್ನೂರರ ಹತ್ತಿರ ಎರಡೂ ಸಮವಾಗುತ್ತವೆ ಎಂದು ಗದಗದವರು ಲೆಕ್ಕ ಮಾಡಿ ಹೇಳಿದರು. ಮುನ್ನೂರಕ್ಕೇ ಒಪ್ಪಿದೆ. ಅವ್ವ ಹಲಗೆ ತೊಳೆದು ಬಿಸಿಲಿಗಿಟ್ಟಿದ್ದಾಳೆ.

ನಿನ್ನೆ ಡಿಟಿಪಿ ಅಂಗಡಿಯಲ್ಲಿ ಹುಡುಗಿ ಹಳೆಯ ಕಡತ ತೆರೆದಳು. ಏಳನೆಯ ಕಥೆಯ ಕೊನೆಗೆ ಹೋದಳು. ಕೆಂಪು ಕೂಡು ಚಿಹ್ನೆ ಇನ್ನೂ ಅಲ್ಲೇ ಇತ್ತು, ಮೂರು ವರ್ಷದಿಂದ.

"ಈ ಸಲ ಇದನ್ನ ಹೊರಗ ತಗ್ಯೂಣೇನ್ರಿ ಸರ? ಆದ್ರ ಒಂದ ಪುಟ ಮುಂದ ಹೋದ್ರ ಹನ್ನೊಂದನೇ ಫಾರ್ಮು ಆಗ್ತೈತ್ರಿ. ಎಲ್ಲ್ಯರ ಎರಡು ಸಾಲು ಕಡಿಮಿ ಮಾಡಬೇಕಾಗ್ತೈತಿ."

ಮೇಲಕ್ಕೆ ಹೋಗಲು ಹೇಳಿದೆ. ಆ ರಾತ್ರಿ ಸೇರಿಸಿದ ಸಂಜೆಯ ವರ್ಣನೆ ಬಂತು. ಓದಿದೆ. ಅಧ್ಯಾಪಕರ ಪೆನ್ಸಿಲ್ ಕಣ್ಣ ಮುಂದೆ ಬಂತು.

"ಇದನ್ನ ಅಳಿಸು."

ಅಳಿಸಿದಳು. ಕೆಳಗಿನ ಸಾಲುಗಳು ಮೇಲೆ ಸರಿದವು, ಕೆಂಪು ಚಿಹ್ನೆ ಹೋಯಿತು, ಬಾವಿಗೆ ಬಿದ್ದಿದ್ದ ಎರಡು ಸಾಲು ಪುಟದ ತುದಿಗೆ ಬಂದು ಕೂತವು. ಬಾಗಿಲು ತೆರೆಯಿತು, ತಾಯಿ ಮಗಳನ್ನು ಅಪ್ಪಿಕೊಂಡಳು. ಸ್ವಲ್ಪ ಹೊತ್ತು ನೋಡಿದೆ.

"ಇವನ್ನೂ ಅಳಿಸು."

"ಸರ, ಹಂಗಾರ ಕೆಳಗ ಎರಡು ಸಾಲು ಜಾಗಾ ಖಾಲಿ ಉಳೀತೈತ್ರಿ."

"ಉಳೀಲಿ ಬಿಡು."